ಮುಳುಗಿದ ಹಡಗು ನೋಡುವವರು ಘಟ್ಟ ಹತ್ತುವ ಲೆಕ್ಕವನ್ನೂ ಹಾಕಬೇಕು

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಕೆಲವು ವರ್ಷಗಳಿಂದ ಸ್ಕೂಬಾ ಮಾಡುತ್ತಿದ್ದೇನೆ. ಅಡ್ವಾನ್ಸ್ಡ್ ಓಪನ್ ವಾಟರ್ ಸರ್ಟಿಫಿಕೇಟ್ ಇದೆ. ನೇತ್ರಾಣಿ, ಅಂಡಮಾನ್ ಎರಡೂ ಕಡೆ ಸಾಕಷ್ಟು ಡೈವ್ ಆಗಿವೆ. ಈಗ ಮುಳುಗಿದ ಹಡಗು ನೋಡುವ ಆಸೆ. ಶ್ರೀಲಂಕಾದ ಎಚ್‌ಎಂಎಸ್ ಹರ್ಮಿಸ್ ಮನಸ್ಸಿನಲ್ಲಿದೆ. ಮನೆಯವರೂ ಬರುತ್ತಾರೆ, ಅವರಿಗೆ ಅಲ್ಲಿನ ಬೆಟ್ಟದ ಊರು ನುವಾರ ಎಲಿಯ ನೋಡಬೇಕಂತೆ. ಹೊರಡುವ ಮೊದಲು ಹೇಮಾವತಿ ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿ ಚರ್ಚ್ ಮುಳುಗಿದಾಗ, ಅಭ್ಯಾಸ ಮಾಡೋಣ ಅಂತ ಗೆಳೆಯರು ಹೇಳುತ್ತಿದ್ದಾರೆ. ಹೇಗೆ ಪ್ಲಾನ್ ಮಾಡಲಿ?

ಉತ್ತರ: ಮೊದಲು ಹರ್ಮಿಸ್ ಬಿಡಿ. ಬೇಜಾರಾಗಬಹುದು, ಆದರೆ ಅದು ನಿಮ್ಮ ಸರ್ಟಿಫಿಕೇಟಿಗೆ ಸಿಗುವ ಹಡಗಲ್ಲ. 1942ರ ಏಪ್ರಿಲ್ 9ರಂದು ಜಪಾನಿ ವಿಮಾನಗಳ ದಾಳಿಯಲ್ಲಿ ಬಟ್ಟಿಕಲೋವಾ ಹತ್ತಿರ ಮುಳುಗಿದ ಬ್ರಿಟಿಷ್ ವಿಮಾನವಾಹಕ ನೌಕೆ ಅದು. ಮಲಗಿರುವುದು ಸುಮಾರು 53 ಮೀಟರ್ ಆಳದಲ್ಲಿ. ನಿಮ್ಮ ಮಿತಿ 30 ಮೀಟರ್. ಡೀಪ್ ಕೋರ್ಸ್ ಮಾಡಿದರೂ ಹವ್ಯಾಸಿ ಡೈವರ್‌ಗಳ ಗಡಿ 40. ಹರ್ಮಿಸ್ ಇರುವ ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿನದಕ್ಕಿಂತ ಆರು ಪಟ್ಟು ಜಾಸ್ತಿ ಗಾಳಿ ಖರ್ಚಾಗುತ್ತದೆ. ಸಾಮಾನ್ಯ ಗಾಳಿಯಲ್ಲೇ ಇಳಿದರೆ ನೈಟ್ರೋಜನ್‌ನಿಂದ ತಲೆ ಮಂಕಾಗುತ್ತದೆ. ಮೇಲೆ ಬರುವಾಗ ಹಂತ ಹಂತವಾಗಿ ನಿಲ್ಲಲೇಬೇಕು. ಅದಕ್ಕೆ ಟೆಕ್ನಿಕಲ್ ಡೈವಿಂಗ್ ಕಲಿಯಬೇಕು. ‘ಸ್ವಲ್ಪ ಇಳಿದು ನೋಡಿ ಬರೋಣ’ ಅನ್ನುವ ಗೈಡ್ ಸಿಗಬಹುದು. ಅವರ ಬೋಟ್ ಹತ್ತಬೇಡಿ.

ಅದೇ ದಿನ ಅದೇ ಕರಾವಳಿಯಲ್ಲಿ ಮುಳುಗಿದ ಇನ್ನೊಂದು ಹಡಗಿದೆ. ಬ್ರಿಟಿಷ್ ಸಾರ್ಜೆಂಟ್ ಎಂಬ ಟ್ಯಾಂಕರ್. ಪಾಸಿಕುಡಾ ಕಡೆಯಿಂದ ಹೋಗಬಹುದು, ಆಳ ಸುಮಾರು 24 ಮೀಟರ್. ನನ್ನ ಪ್ರಕಾರ ಈ ಪ್ರವಾಸಕ್ಕೆ ನಿಮ್ಮ ಹಡಗು ಅದೇ. ನಿಮ್ಮ ತೋಟದ ಕೆಲಸಕ್ಕೂ ಹೊಂದುತ್ತದೆ. ಶ್ರೀಲಂಕಾದ ಪೂರ್ವ ಕರಾವಳಿಯಲ್ಲಿ ಸಮುದ್ರ ಶಾಂತವಾಗಿರುವುದು ಸುಮಾರು ಮೇಯಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಕಡೆ ನೇತ್ರಾಣಿ ಬಂದ್ ಆಗಿರುವ ಮಳೆಗಾಲ. ಕೊಯ್ಲು ಮುಗಿದಿರುತ್ತದೆ, ಹೂಮಳೆಯೂ ಆಗಿರುತ್ತದೆ. ಬೋರ್ಡೋ ಸಿಂಪಡಣೆಯ ದಿನಗಳನ್ನು ಮಾತ್ರ ತಪ್ಪಿಸಿ ಟಿಕೆಟ್ ಮಾಡಿ.

ಇದು ನಿಮ್ಮ ಮೊದಲ ಹಡಗಾದರೆ ಬಾಲಿಯ ತುಲಂಬೆನ್ ಇನ್ನೂ ಸುಲಭ. 1942ರ ಜನವರಿಯಲ್ಲಿ ಲಿಬರ್ಟಿ ಎಂಬ ಅಮೆರಿಕನ್ ಸರಕು ಹಡಗಿಗೆ ಜಪಾನಿ ಟಾರ್ಪಿಡೋ ಬಡಿಯಿತು. ಎಳೆದು ತಂದು ದಡಕ್ಕೆ ಹತ್ತಿಸಿದರು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ಹಡಗು ಜಾರಿ ನೀರಿಗೆ ಹೋಯಿತು. ಈಗ ಸುಮಾರು 5 ಮೀಟರ್‌ನಿಂದ 30 ಮೀಟರ್‌ವರೆಗೆ ಹರಡಿದೆ. ಬೋಟೇ ಬೇಡ, ಕಲ್ಲಿನ ದಡದಿಂದ ನಡೆದುಕೊಂಡೇ ಇಳಿಯಬಹುದು. ಜನ ಜಾಸ್ತಿ, ಬೆಳಕು ಹರಿಯುವ ಹೊತ್ತಿಗೇ ನೀರಿಗಿಳಿಯಿರಿ.

ಇನ್ನು ಹಡಗಿನ ಒಳಗೆ ಹೋಗುವ ವಿಷಯ. ನೇತ್ರಾಣಿಯಲ್ಲಿ ತೊಂದರೆಯಾದರೆ ಮೇಲೆ ಬರಬಹುದು. ಹಡಗಿನೊಳಗೆ ತಲೆ ಮೇಲೆ ಕಬ್ಬಿಣ ಇರುತ್ತದೆ. ಅನುಭವಿ ಡೈವರ್‌ಗಳು ಎಡವುವುದು ಇಲ್ಲೇ, ಯಾಕೆಂದರೆ ಅವರಿಗೆ ಧೈರ್ಯ ಇರುತ್ತದೆ, ಅಭ್ಯಾಸ ಇರುವುದಿಲ್ಲ. ಮುಳುಗಿದ ಹಡಗಿಗೆಂದೇ ಇರುವ ರೆಕ್ ಸ್ಪೆಷಾಲಿಟಿ ಕೋರ್ಸ್ ಮಾಡದೆ ಒಳಗೆ ಕಾಲಿಡಬೇಡಿ. ಮಾಡಿದ ಮೇಲೂ ಹೊರಗಿನ ಬೆಳಕು ಕಾಣುವಷ್ಟು ದೂರ ಮಾತ್ರ. ಆಳ ಮತ್ತು ಒಳಗೆ ಹೋದ ದೂರ ಸೇರಿ 40 ಮೀಟರ್ ದಾಟಬಾರದು. ಅಂದರೆ 24 ಮೀಟರ್ ಆಳದ ಹಡಗಿನಲ್ಲಿ ನಿಮಗೆ ಉಳಿಯುವುದು 16 ಮೀಟರ್.

ಗಾಳಿಯ ಲೆಕ್ಕ ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ನೀರಿನ ಮೇಲೆ ನಿಮಿಷಕ್ಕೆ 18 ಲೀಟರ್ ಉಸಿರಾಡುವವರು ಅಂದುಕೊಳ್ಳೋಣ. 24 ಮೀಟರ್‌ನಲ್ಲಿ ಒತ್ತಡ 3.4 ಬಾರ್, ಹಾಗಾಗಿ ನಿಮಿಷಕ್ಕೆ ಸುಮಾರು 61 ಲೀಟರ್. 11 ಲೀಟರ್ ಟ್ಯಾಂಕ್‌ನಲ್ಲಿ 200 ಬಾರ್ ತುಂಬಿದರೆ 2200 ಲೀಟರ್. ಒಳಗೆ ಹೋಗುವವರ ನಿಯಮ ಮೂರು ಪಾಲು: ಹೋಗಲು ಒಂದು, ಬರಲು ಒಂದು, ಆಪತ್ತಿಗೆ ಒಂದು. ಒಂದು ಪಾಲಿಗೆ ಬರುವುದು ಹನ್ನೆರಡೇ ನಿಮಿಷ. ಇಳಿಯುವ ಹೊತ್ತೂ ಅದರಲ್ಲೇ! ನೈಟ್ರಾಕ್ಸ್, ಅಂದರೆ ಆಮ್ಲಜನಕ ಜಾಸ್ತಿ ಇರುವ ಗಾಳಿ, ಅದರ ಕೋರ್ಸ್ ಮಾಡಿದ್ದರೆ ಒಳ್ಳೆಯದೇ. ಮೇಲೆ ಬರುವಾಗ ಹಂತ ಹಂತವಾಗಿ ನಿಲ್ಲಬೇಕಾಗದಂತೆ 30 ಮೀಟರ್‌ನಲ್ಲಿ ಸಾಮಾನ್ಯ ಗಾಳಿಯಿಂದ ಸುಮಾರು 20 ನಿಮಿಷ ಇರಬಹುದಾದರೆ 32 ಶೇಕಡಾ ನೈಟ್ರಾಕ್ಸ್‌ನಿಂದ 30. ಆದರೆ ಅದು ದೇಹಕ್ಕೆ ಸೇರುವ ನೈಟ್ರೋಜನ್ ಕಡಿಮೆ ಮಾಡುತ್ತದೆಯೇ ಹೊರತು ಟ್ಯಾಂಕ್ ದೊಡ್ಡದು ಮಾಡುವುದಿಲ್ಲ.

ಹಳೇ ಹಡಗಿನೊಳಗೆ ಹೂಳು ಕೂತಿರುತ್ತದೆ. ಒಂದು ತಪ್ಪು ಒದೆತ ಸಾಕು, ಕೈ ಕೂಡ ಕಾಣುವುದಿಲ್ಲ. ಫಿನ್ ಕೆಳಗೆ ಬಡಿಯದೆ ಕಪ್ಪೆಯಂತೆ ಪಕ್ಕಕ್ಕೆ ಒದೆಯುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ. ರೀಲ್ (ವಾಪಸ್ ಬರುವ ದಾರಿ ತಪ್ಪದಂತೆ ಬಿಚ್ಚುತ್ತಾ ಹೋಗುವ ದಾರದ ಸುರುಳಿ), ಎರಡು ಟಾರ್ಚ್, ಬಲೆ ಕತ್ತರಿಸಲು ಕಟರ್ ಬೇಕು. ರೀಲ್ ಅಭ್ಯಾಸಕ್ಕೆ ನೀರೇ ಬೇಕಿಲ್ಲ. ತೋಟದಲ್ಲಿ ಗಿಡದಿಂದ ಗಿಡಕ್ಕೆ ದಾರ ಕಟ್ಟಿ, ಕಣ್ಣು ಮುಚ್ಚಿ, ದಾರ ಹಿಡಿದು ವಾಪಸ್ ಬನ್ನಿ. ಆಳುಗಳು ನಕ್ಕರೆ ನಗಲಿ.

ಶೆಟ್ಟಿಹಳ್ಳಿ ಬೇಡವೇ ಬೇಡ. ಮಳೆಗಾಲದ ಕೆಂಪು ನೀರಿನಲ್ಲಿ ಏನೂ ಕಾಣುವುದಿಲ್ಲ. ಹಳೇ ಗೋಡೆ ಯಾವಾಗ ಬೀಳುತ್ತದೋ ಗೊತ್ತಿಲ್ಲ, ಮೀನಿನ ಬಲೆಗಳೂ ಇರಬಹುದು. 300 ಮೀಟರ್‌ಗಿಂತ ಎತ್ತರದ ನೀರಿಗೆ ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಹೇಳುವ ಸಮುದ್ರದ ಟೇಬಲ್ ಹಾಗೇ ಹೊಂದುವುದಿಲ್ಲ. ಹೇಮಾವತಿ ಅದಕ್ಕಿಂತ ತುಂಬಾ ಮೇಲಿದೆ.

ಎತ್ತರದ ಮಾತು ಬಂತಲ್ಲ, ನಮ್ಮ ಮಲೆನಾಡಿನ ಡೈವರ್‌ಗಳು ಸಾಮಾನ್ಯವಾಗಿ ಮರೆಯುವುದು ಇದನ್ನೇ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದಾಗ ದೇಹದಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಅದಕ್ಕೇ ವಿಮಾನ ಹತ್ತುವ ಮೊದಲು ಕಾಯಬೇಕು ಅಂತ ಎಲ್ಲರಿಗೂ ಗೊತ್ತು: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ ಕನಿಷ್ಠ 18. ಅದು ಸುಮಾರು 600ರಿಂದ 2400 ಮೀಟರ್ ಎತ್ತರದ ಗಾಳಿಯ ಒತ್ತಡಕ್ಕೆ ಮಾಡಿದ ಲೆಕ್ಕ. ಸಕಲೇಶಪುರ 900 ಮೀಟರ್ ದಾಟಿದೆ. ಚಿಕ್ಕಮಗಳೂರು 1000 ದಾಟಿದೆ. 1930 ಮೀಟರ್‌ನ ಮುಳ್ಳಯ್ಯನಗಿರಿ ಅಂದರೆ ವಿಮಾನದ ಕ್ಯಾಬಿನ್ ಇದ್ದ ಹಾಗೆಯೇ. ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿ, ಸಂಜೆ ಶಿರಾಡಿ ಘಾಟಿ ಹತ್ತಿ ಮನೆ ಸೇರುವುದು ಸುಮ್ನೆ ರಿಸ್ಕ್. ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿಯಿರಿ. ಮರುದಿನ ಕೀಲು ನೋವು, ಜೋಮು, ಕಾರಣವಿಲ್ಲದ ಸುಸ್ತು ಕಂಡರೆ ಮಲಗಿ ನೋಡೋಣ ಅನ್ನಬೇಡಿ. ಆಮ್ಲಜನಕ ಕೊಡಬೇಕು, ಡೈವಿಂಗ್ ಗೊತ್ತಿರುವ ವೈದ್ಯರಿಗೆ ತಿಳಿಸಬೇಕು.

ಹಾಗಾಗಿ ನುವಾರ ಎಲಿಯ ಮೊದಲು ಇಟ್ಟುಕೊಳ್ಳಿ. ಅದು ಸುಮಾರು 1870 ಮೀಟರ್ ಎತ್ತರದಲ್ಲಿದೆ. ಮನೆಯವರ ಜೊತೆ ಟೀ ತೋಟ ಸುತ್ತಿ ಆಮೇಲೆ ಪಾಸಿಕುಡಾಗೆ ಇಳಿಯಿರಿ. ಕೊನೆಯ ಡೈವ್ ಆದ ಮೇಲೆ ವಿಮಾನಕ್ಕೆ ಪೂರ್ತಿ ಒಂದು ದಿನ ಬಿಡಿ. ಬಾಲಿಗೆ ಹೋದರೂ ಅಷ್ಟೇ, ತುಲಂಬೆನ್ ಮುಗಿಸಿ ಅದೇ ದಿನ ಕಿಂತಮಣಿ ಬೆಟ್ಟ ಹತ್ತಬೇಡಿ.

ಬುಕ್ ಮಾಡುವ ಮೊದಲು ಡೈವ್ ಸೆಂಟರ್‌ಗೆ ಫೋನ್ ಮಾಡಿ. ಬೋಟ್‌ನಲ್ಲಿ ಆಮ್ಲಜನಕ ಇದೆಯಾ, ಒಬ್ಬ ಗೈಡ್‌ಗೆ ಎಷ್ಟು ಜನ, ಹತ್ತಿರದ ರಿಕಂಪ್ರೆಷನ್ ಚೇಂಬರ್ (ಮತ್ತೆ ಒತ್ತಡ ಕೊಟ್ಟು ಚಿಕಿತ್ಸೆ ಮಾಡುವ ಕೋಣೆ) ಎಲ್ಲಿದೆ ಅಂತ ಕೇಳಿ. ಸಾಮಾನ್ಯ ಪ್ರವಾಸಿ ವಿಮೆಯಲ್ಲಿ ಡೈವಿಂಗ್ ಬಿಟ್ಟಿರುತ್ತಾರೆ, ಇಲ್ಲವೇ ಆಳಕ್ಕೆ ಮಿತಿ ಹಾಕಿರುತ್ತಾರೆ. ಡೈವರ್‌ಗಳಿಗೇ ಇರುವ ವಿಮೆ ಹೊರಡುವ ಮೊದಲೇ ಮಾಡಿಸಿ.