ಹಾಯಿದೋಣಿಗೆ ಎಂಥ ಎಂಜಿನ್?

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಓಡಿಸಲು ಹಳೆಯ ಕ್ಯಾಟಲೀನಾ 22 ಹಾಯಿದೋಣಿ ಕೊಂಡಿದ್ದೇನೆ. ಅದರ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ತೂಗುಹಾಕುವಂಥದ್ದು) ಕೆಟ್ಟಿದೆ. ಗೋಲ್ಡನ್ ಗೇಟ್ ಬಳಿ ಸೆಳೆತ ಜೋರು, 9.9 ಎಚ್‌ಪಿಯದ್ದೇ ಹಾಕಿಸು ಅನ್ನುತ್ತಾರೆ ಗೆಳೆಯರು. ಹಾಕಿಸಲೇ?
— ಓದುಗರೊಬ್ಬರು, ಬರ್ಕ್ಲಿ

ಉತ್ತರ: ಬೇಡ. ನೀರನ್ನು ಸೀಳಿಕೊಂಡು ಹೋಗುವ ಇಂಥ ದೋಣಿಯ ವೇಗಕ್ಕೆ ಮಿತಿಯಿದೆ. ನೀರಿಗೆ ತಾಗಿದ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ನಿಮ್ಮ ದೋಣಿಗೆ ಆ ಉದ್ದ ಸುಮಾರು 19.3 ಅಡಿ, ಲೆಕ್ಕ 5.9 ನಾಟ್‌ಗೆ (ಗಂಟೆಗೆ ಸುಮಾರು 11 ಕಿ.ಮೀ.) ನಿಲ್ಲುತ್ತದೆ. ಅದರಾಚೆ ಎಷ್ಟು ಎಚ್‌ಪಿ ಸುರಿದರೂ ಹಿಂಬದಿ ಕುಸಿದು, ಅಲೆ ಎದ್ದು, ಪೆಟ್ರೋಲ್ ಖರ್ಚಾಗುತ್ತದೆ. ಗೋಲ್ಡನ್ ಗೇಟಿನಲ್ಲಿ ಇಳಿತದ ಸೆಳೆತ 4 ನಾಟ್ ದಾಟುವ ದಿನಗಳುಂಟು. ಆಗ ಎದುರು ಹೊರಟರೆ ಯಾವ ಎಂಜಿನ್ ಇದ್ದರೂ ಗಂಟೆಗೆ ಎರಡು ಮೈಲಿ ಸಾಗುವುದೂ ಕಷ್ಟ. ಅದಕ್ಕೆ ಮದ್ದು ಸೆಳೆತದ ವೇಳಾಪಟ್ಟಿಯಲ್ಲಿದೆ. ಉಬ್ಬರವಿಳಿತದ ಪಟ್ಟಿ ಬೇರೆ, ಸೆಳೆತದ ಪಟ್ಟಿ ಬೇರೆ. ನೀರು ಪೂರ್ತಿ ಏರಿದ ಹೊತ್ತಿಗೇ ಸೆಳೆತ ನಿಲ್ಲುತ್ತದೆ ಎಂದು ನಂಬಬೇಡಿ.

ಟನ್ನಿಗೆ 4 ಎಚ್‌ಪಿ ಎಂಬುದು ರೂಢಿಯ ಲೆಕ್ಕ. ಖಾಲಿ ದೋಣಿಯೇ ಒಂದು ಟನ್ ತೂಗುತ್ತದೆ. ಜನ, ಲಂಗರು, ನೀರು ಸೇರಿದರೆ ಇನ್ನೂ ಮುನ್ನೂರು, ನಾನೂರು ಕಿಲೊ. ಹಾಗಾಗಿ 5 ಅಥವಾ 6 ಎಚ್‌ಪಿ ಸಾಕು. ಒಂದೇ ಸಿಲಿಂಡರಿನ 6 ಎಚ್‌ಪಿ ಎಂಜಿನ್ 26-27 ಕಿಲೊ ಇರುತ್ತದೆ. ಎರಡು ಸಿಲಿಂಡರಿನ 9.9ಕ್ಕೆ ಹೋದರೆ 40 ಕಿಲೊ ಆಸುಪಾಸು. ಅಷ್ಟೂ ಭಾರ ದೋಣಿಯ ತೀರಾ ಹಿಂತುದಿಯಲ್ಲಿ ನೇತಾಡುತ್ತದೆ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಶಾಫ್ಟಿನ, ಅಂದರೆ ಎಂಜಿನ್‌ನಿಂದ ಪ್ರೊಪೆಲ್ಲರ್ ಕಡೆಗೆ ಇಳಿಯುವ ಕಾಲಿನ, ಉದ್ದಕ್ಕೆ. 15, 20, 25 ಇಂಚು ಎಂಬ ಮೂರು ಅಳತೆಗಳಿವೆ. 15ರದ್ದು ಅಗ್ಗವಾಗಿ ಸಿಕ್ಕಿತೆಂದು ತಂದವರು ಮೊದಲ ಅಲೆಗೇ ಪಶ್ಚಾತ್ತಾಪ ಪಡುತ್ತಾರೆ. ಹಾಯಿ ಇಳಿಸಲು ಒಬ್ಬರು ದೋಣಿಯ ಮುಂತುದಿಗೆ ಹೋದರೆ ಸಾಕು, ಹಿಂಬದಿ ಎದ್ದು ಪ್ರೊಪೆಲ್ಲರ್ ಗಾಳಿ ಕಡೆಯುತ್ತದೆ. ಎಂಜಿನ್ ಕಿರುಚುತ್ತದೆ, ದೋಣಿ ನಿಲ್ಲುತ್ತದೆ. ತಂಪಿನ ನೀರೂ ಒಳಗೆ ಬರದೆ ಪಂಪಿನ ರಬ್ಬರ್ ಇಂಪೆಲ್ಲರ್ ಒಣಗಿ ತಿರುಗಿ ಸುಟ್ಟುಹೋಗುತ್ತದೆ. ಮಧ್ಯಾಹ್ನದ ಗಾಳಿಗೆ ಬರ್ಕ್ಲಿಯ ಕಡೆ ಏಳುವ ಗಿಡ್ಡ, ಕಡಿದಾದ ಅಲೆಗಳಿಗೆ 25 ಇಂಚೇ ಒಳ್ಳೆಯದು, 20 ಕನಿಷ್ಠ.

ಪ್ರೊಪೆಲ್ಲರ್ ಕೇಳಿ ಪಡೆಯಿರಿ. ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಹಗುರ ರಬ್ಬರ್ ದೋಣಿಗೆ ಹೊಂದುವಂಥದ್ದು. ನಿಮಗೆ ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗಬೇಕಾದ ಲೆಕ್ಕದ ದೂರ) ಕಡಿಮೆ ಇರುವುದು, 6 ಇಂಚಿನ ಹತ್ತಿರದ್ದು ಬೇಕು. ಭಾರ ತಳ್ಳುವುದಕ್ಕೂ ಜೆಟ್ಟಿಯ ಬಳಿ ಹಿಂದಕ್ಕೆಳೆದು ನಿಲ್ಲಿಸುವುದಕ್ಕೂ ಅದೇ ಸರಿ. ತೊಹಾಟ್ಸು ಕಂಪನಿಯ 6 ಎಚ್‌ಪಿ ಸೇಲ್ ಪ್ರೊ ಇದಕ್ಕೆಂದೇ ಮಾಡಿದ ಮಾದರಿ: 25 ಇಂಚಿನ ಶಾಫ್ಟ್, ಬ್ಯಾಟರಿ ಚಾರ್ಜ್ ಮಾಡಲು 12 ವೋಲ್ಟ್, 5 ಆಂಪ್. ರಿವರ್ಸ್ ಗೇರ್ ಇಲ್ಲದ ಎರಡೂವರೆ ಎಚ್‌ಪಿಯವುಗಳ ಗೋಜಿಗೆ ಹೋಗಬೇಡಿ.

ಕೊಳ್ಳುವ ಮುಂಚೆ, ಎಂಜಿನ್ ತೂಗುಹಾಕುವ ಬ್ರ್ಯಾಕೆಟ್ಟನ್ನು ಕೈಯಿಂದ ಜಗ್ಗಿ ನೋಡಿ. ಬೋಲ್ಟಿನ ಸುತ್ತ ಫೈಬರ್ ಬಿರುಕು ಬಿಟ್ಟಿದ್ದರೆ ಒಳಗಡೆ ಅಗಲವಾದ ಪಟ್ಟಿ ಕೊಟ್ಟು ಬಿಗಿಸದೆ ಹೊಸ ಎಂಜಿನ್ ಕೂರಿಸಬಾರದು.

ಪ್ರಶ್ನೆ: 16 ಅಡಿಯ ಹಗುರ ಫೈಬರ್ ದೋಣಿಗೆ ಹಾಯಿ ಕಟ್ಟಿ ಪಂಚಗಂಗಾವಳಿಯಲ್ಲಿ ಓಡಿಸುತ್ತೇವೆ. ನಾಡದೋಣಿಯವರೊಬ್ಬರು ಸೀಮೆಎಣ್ಣೆಯ 8 ಎಚ್‌ಪಿ ಎಂಜಿನ್ ಕಡಿಮೆಗೆ ಕೊಡುತ್ತಾರಂತೆ. ತಗೊಳ್ಳಬಹುದಾ?
— ಓದುಗರೊಬ್ಬರು, ಗಂಗೊಳ್ಳಿ

ಉತ್ತರ: ಮೀನಿಗೆ ಹೋಗಿ ಗಂಟೆಗಟ್ಟಲೆ ಓಡಿಸುವವರಿಗೆ ಅದು ಸರಿ, ನಿಮಗಲ್ಲ. ಸೀಮೆಎಣ್ಣೆ ಎಂಜಿನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು, ಕಾರ್ಬೊರೇಟರಿನಲ್ಲಿ ಉಳಿದ ಸೀಮೆಎಣ್ಣೆ ಉರಿದುಹೋಗುವ ತನಕ ಓಡಿಸಬೇಕು. ಮರೆತರೆ ಮರುದಿನ ಹಗ್ಗ ಎಳೆದೆಳೆದು ರಟ್ಟೆ ನೋಯುತ್ತದೆಯೇ ಹೊರತು ಎಂಜಿನ್ ಏಳುವುದಿಲ್ಲ. ಹಾಯಿದೋಣಿಯಲ್ಲಿ ಎಂಜಿನ್ ಓಡುವುದು ದಡ ಬಿಡುವಾಗ ಹತ್ತು ನಿಮಿಷ, ಬರುವಾಗ ಹತ್ತು ನಿಮಿಷ. ಸರಿಯಾಗಿ ಬಿಸಿಯೇ ಆಗದೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ನಿಮ್ಮ ದೋಣಿಗೆ ಎರಡೂವರೆಯಿಂದ 4 ಎಚ್‌ಪಿಯ ಪೆಟ್ರೋಲ್ ಫೋರ್‌ಸ್ಟ್ರೋಕ್ ಧಾರಾಳ. ಈಗಾಗಲೇ ಮುಂಗಡ ಕೊಟ್ಟಾಗಿದ್ದರೆ ಆ ಸೀಮೆಎಣ್ಣೆ ಎಂಜಿನನ್ನು ಪೆಟ್ರೋಲಿನಲ್ಲೇ ಓಡಿಸಿ. ಆದರೆ ಅದು ಟೂಸ್ಟ್ರೋಕ್ ಆಗಿದ್ದು ಆಯಿಲ್ ಪಂಪ್ ಇಲ್ಲದಿದ್ದರೆ, ಕೈಪಿಡಿಯಲ್ಲಿ ಹೇಳಿದ ಅಳತೆಗೆ ಆಯಿಲ್ ಬೆರೆಸಲೇಬೇಕು. ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಪ್ರಶ್ನೆ: ಉಪ್ಪುನೀರಿನಿಂದ ತಂದ ಫೋರ್‌ಸ್ಟ್ರೋಕ್ ಎಂಜಿನನ್ನು ಹೇಗೆ ಇಡಬೇಕು?
— ಓದುಗರೊಬ್ಬರು, ಕಾರವಾರ

ಉತ್ತರ: ಡ್ರಮ್ಮಿನಲ್ಲಿ ಸಿಹಿನೀರು ತುಂಬಿ, ನೀರು ಹೀರುವ ರಂಧ್ರ ಮುಳುಗುವಂತೆ ಇಟ್ಟು ಹತ್ತು ನಿಮಿಷ ಓಡಿಸಿ. ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರಬೇಕು. ಧಾರೆ ಸಣ್ಣಗಾದರೆ ಇಂಪೆಲ್ಲರ್ ನೋಡಿ. ವಾರಗಟ್ಟಲೆ ಮುಟ್ಟುವುದಿಲ್ಲವಾದರೆ ಕಾರ್ಬೊರೇಟರಿನ ಅಡಿಯ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಬಸಿದುಬಿಡಿ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಪೆಟ್ರೋಲ್ ಹಾಯುವ ಸಣ್ಣ ತೂತು (ಜೆಟ್) ಕಟ್ಟಿಕೊಳ್ಳುವುದು ಅದರಿಂದಲೂ ಉಂಟು. ಒಳಗಿನ ನೀರು ಪೂರ್ತಿ ಇಳಿಯುವ ತನಕ ನೆಟ್ಟಗೆ ನಿಲ್ಲಿಸಿ. ಆಮೇಲೆ ಮಲಗಿಸುವುದಾದರೆ ಕೈಪಿಡಿ ತೋರಿಸಿದ ಮಗ್ಗುಲಿಗೇ ಮಲಗಿಸಿ; ಇಲ್ಲದಿದ್ದರೆ ಆಯಿಲ್ ಸಿಲಿಂಡರಿಗೆ ನುಗ್ಗುತ್ತದೆ.