ನಿಮ್ಮ ಲೇಖನದ ನಾಲ್ಕನೆಯ ಪುಟ

ಆತ್ಮೀಯರೇ,

‘ಜೋಳದ ಹೊಲಕ್ಕೆ ಜೈವಿಕ ರಕ್ಷಾಕವಚ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಕಾರಣ, ನಾಲ್ಕನೆಯ ಪುಟದ ಕೊನೆಯ ಎರಡು ಸಾಲು: ‘ಅವ್ವ ಆ ಕಸ ಕಿತ್ತಾಗ ಜೋಳದ ಬೇರಿನ ತುಂಡೂ ಜೊತೆಗೇ ಎದ್ದು ಬಂತು. ಇದಕ್ಕೆ ಹಲ್ಲಿವೆ ನೋಡು ಎಂದಳು.’

ಇಡೀ ಬರಹದಲ್ಲಿ ನೀವು ಕಣ್ಣಾರೆ ಕಂಡದ್ದು ಇದೊಂದೇ. ಇದಕ್ಕಿಂತ ಮೊದಲಿನ ಮೂರು ಪುಟಗಳಿಗೆ ಗೀಟು ಎಳೆದಿದ್ದೇನೆ, ಬೇಸರಿಸಬೇಡಿ. ‘ಅನ್ನದಾತ’ ಅಲ್ಲಿ ಹನ್ನೊಂದು ಸಲ ಬಂದಿದ್ದಾನೆ, ಒಮ್ಮೆಯೂ ಹೊಲಕ್ಕೆ ಇಳಿದಿಲ್ಲ.

ಅವ್ವ ಕಿತ್ತ ಆ ಕಸವೇ ಸ್ಟ್ರೈಗಾ, ಜೋಳದ ಬೇರು ಕಚ್ಚಿ ಬದುಕುವ ಪರಾವಲಂಬಿ ಗಿಡ. ಆಳಂದದ ಹೊಲದ ಆ ಗಿಡಕ್ಕೆ ನೀವು ಮೊಣಕಾಲೆತ್ತರ ಕೊಟ್ಟು ನೇರಳೆ ಮಿಶ್ರಿತ ಗುಲಾಬಿ ಹೂ ಮುಡಿಸಿದ್ದೀರಿ. ಅದು ಆಫ್ರಿಕಾದ ಸ್ಟ್ರೈಗಾ ಹರ್ಮಾಂಥಿಕಾ. ನಮ್ಮಲ್ಲಿಯದು ಸ್ಟ್ರೈಗಾ ಏಷಿಯಾಟಿಕಾ. ಗೇಣುದ್ದದ ಗಿಡ, ಸಾಮಾನ್ಯವಾಗಿ ಬಿಳಿ ಹೂ. ಮೊಬೈಲಿನಲ್ಲಿ ಚಿತ್ರ ನೋಡಿ ಬರೆದಿರಬೇಕು. ಹಾಗೆಯೇ ಶಿಲೀಂಧ್ರದಿಂದ ಸ್ಟ್ರೈಗಾ ಕೊಲ್ಲುವ, ನೀವು ಉದಾಹರಿಸಿದ ಕೀನ್ಯಾದ ಪ್ರಯೋಗ ನಡೆದದ್ದು ಮೆಕ್ಕೆಜೋಳದಲ್ಲಿ. ನೀವು ಬರೀ ‘ಜೋಳ’ ಎಂದಿದ್ದೀರಿ. ಕಲಬುರಗಿಯ ಓದುಗನಿಗೆ ಜೋಳ ಎಂದರೆ ರೊಟ್ಟಿಯ ಜೋಳ, ಬೇರೆ ಯಾವುದೂ ಅಲ್ಲ. ‘ಇಳುವರಿ ದುಪ್ಪಟ್ಟು’ ಎಂಬುದೂ ತಪ್ಪು. 2016ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಸುಮಾರು 500 ರೈತರ ಹೊಲಗಳಲ್ಲಿ ಕಂಡ ಸರಾಸರಿ ಏರಿಕೆ ದೊಡ್ಡ ಮಳೆಗಾಲದಲ್ಲಿ ಶೇಕಡಾ 56, ಸಣ್ಣ ಮಳೆಗಾಲದಲ್ಲಿ ಶೇಕಡಾ 42ರ ಆಸುಪಾಸು. ಇದೇನು ಕಡಿಮೆಯೇ? ಉಬ್ಬಿಸುವ ಅಗತ್ಯ ಏನಿತ್ತು?

ನಿಜವಾದ ತಕರಾರು ಇರುವುದು ಇಲ್ಲಿ. ಸ್ಟ್ರೈಗಾವನ್ನು ಕೊಲ್ಲುವ ಶಿಲೀಂಧ್ರದ ಹೆಸರನ್ನು ‘ಫ್ಯುಸೇರಿಯಂ’ ಎಂದು ಬರೆದು ಮುಂದೆ ಸಾಗಿಬಿಟ್ಟಿದ್ದೀರಿ. ನೀವು ಬರೆಯುತ್ತಿರುವುದು ತೊಗರಿ ನಾಡಿನಲ್ಲಿ ಕುಳಿತು. ನೆಟೆ ರೋಗ ಬಂದು ನಿಂತ ನಿಲುವಿನಲ್ಲೇ ಒಣಗಿದ ತೊಗರಿ ಸಾಲು ಕಾಣದವರು ನಮ್ಮ ಓದುಗರಲ್ಲಿ ಯಾರಿದ್ದಾರೆ? ಆ ರೋಗ ತರುವುದೂ ಒಂದು ಫ್ಯುಸೇರಿಯಂ. ಹೆಸರು ಕಂಡ ಕೂಡಲೇ ಓದುಗ ಕೇಳುತ್ತಾನೆ: ‘ಇದನ್ನು ಜೋಳಕ್ಕೆ ಹಾಕಿದರೆ ನನ್ನ ತೊಗರಿಯ ಗತಿ?’ ಉತ್ತರ ಇದೆ. ಕುಲ ಒಂದೇ, ಪ್ರಭೇದ ಬೇರೆ. ನೆಟೆಯದು ಫ್ಯುಸೇರಿಯಂ ಉಡಂ. ಕೀನ್ಯಾದವರು ಬಳಸಿದ್ದು ಫ್ಯುಸೇರಿಯಂ ಆಕ್ಸಿಸ್ಪೋರಂನಲ್ಲಿ ಸ್ಟ್ರೈಗಾಕ್ಕೇ ಒಗ್ಗಿಕೊಂಡ ಒಂದು ಬಗೆ. ಈ ಪ್ರಶ್ನೆಗೆ ಅರ್ಧ ಪುಟ ಕೊಡದೆ ಲೇಖನ ಮುಗಿಯುವಂತಿಲ್ಲ.

ಅಲ್ಲಿನ ರೈತರು ಅದನ್ನು ಬೆಳೆಸುವ ಬಗೆಯನ್ನು ಒಂದೇ ವಾಕ್ಯದಲ್ಲಿ ದಾಟಿಸಿದ್ದೀರಿ. ನನಗಂತೂ ತೀರಾ ಹೊಟ್ಟೆಕಿಚ್ಚಾದದ್ದು ಅದರ ಬಗ್ಗೆಯೇ! ಹಲ್ಲುಕಡ್ಡಿಯ ಮೇಲೆ ಒಣಗಿಸಿದ ಶಿಲೀಂಧ್ರ ಹಳ್ಳಿಗೆ ಬರುತ್ತದೆ. ಬೇಯಿಸಿದ ಅನ್ನದಲ್ಲಿ ಅದನ್ನು ಬೆಳೆಸುತ್ತಾರೆ. ಬಿತ್ತುವಾಗ ಪ್ರತಿ ಗುಣಿಗೂ ಬೀಜದ ಜೊತೆ ಒಂದು ಚಿಟಿಕೆ. ಇಷ್ಟು ಚಂದದ ವಿವರ ಕೈಯಲ್ಲಿಟ್ಟುಕೊಂಡು ‘ಆಧುನಿಕ ತಂತ್ರಜ್ಞಾನದ ಮೂಲಕ’ ಎಂದು ಬರೆಯುತ್ತಾರೆಯೇ? 2021ರಲ್ಲಿ ಕೀನ್ಯಾದಲ್ಲಿ ಅದು ‘ಕಿಚಾವಿ ಕಿಲ್’ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ಅದನ್ನು ಹೇಳಿ, ಆದರೆ ‘ರೈತರು ಕೂಡಲೇ ಬಳಸಬೇಕು’ ಎಂಬ ಸಾಲು ತೆಗೆಯಿರಿ. ಅದನ್ನು ನಂಬಿ ಗಂಜ್ ಮಾರುಕಟ್ಟೆಗೆ ಹೋದವನ ಕೈಗೆ ಟ್ರೈಕೋಡರ್ಮಾ ಎಂಬ ಬೇರೆಯದೇ ಶಿಲೀಂಧ್ರದ ಪೊಟ್ಟಣ ಕೊಟ್ಟು ಕಳಿಸುತ್ತಾರೆ, ಅಷ್ಟೇ.

ಬಿತ್ತುವಾಗಲೇ ಏಕೆ ಹಾಕಬೇಕು ಎಂಬುದಕ್ಕೆ ಅವ್ವನ ಮಾತಿನಲ್ಲಿ ಉತ್ತರವಿದೆ. ಸ್ಟ್ರೈಗಾ ನೆಲದ ಮೇಲೆ ತಲೆಯೆತ್ತುವ ಹೊತ್ತಿಗೆ ಬೆಳೆಯ ಬೇರಿಗೆ ಹಲ್ಲು ಊರಿ ವಾರಗಳೇ ಕಳೆದಿರುತ್ತವೆ; ಬೆಳೆ ಸೊರಗಿರುತ್ತದೆ. ನೀವು ‘ರೈತನ ಸೇನಾನಿ’ ಎಂದು ಹೊಗಳಿದ ಸ್ಮೈಕ್ರೋನಿಕ್ಸ್ ಮೂತಿಹುಳು ಬರುವುದು ಅದಾದ ಮೇಲೆ. ಅದರ ಮರಿ ಸ್ಟ್ರೈಗಾದ ಕಾಯಿಯೊಳಗೆ ಕುಳಿತು ಬೀಜ ತಿನ್ನುತ್ತದೆ, ಒಳ್ಳೆಯದೇ. ಆದರೆ ಒಂದು ಗಿಡ ಹತ್ತಾರು ಸಾವಿರ ಬೀಜ ಕೊಡುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ತಿಂದರೂ ಉಳಿದದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತದೆ. ಇಂಥ ಸೇನಾನಿಯನ್ನು ನಂಬಿ ಯುದ್ಧಕ್ಕೆ ಹೋಗಲಾದೀತೇ?

ಹತ್ತಿಯ ಮಾತೇ ಇಲ್ಲವಲ್ಲ! ಸ್ಟ್ರೈಗಾ ಬೀಜವನ್ನು ಎಬ್ಬಿಸುವ ಸ್ಟ್ರೈಗಾಲ್ ಎಂಬ ರಾಸಾಯನಿಕ 1966ರಲ್ಲಿ ಮೊದಲು ಸಿಕ್ಕಿದ್ದೇ ಹತ್ತಿಯ ಬೇರಿನ ಸ್ರಾವದಲ್ಲಿ. ಹತ್ತಿ ಕರೆಯುತ್ತದೆ, ಬೀಜ ಮೊಳೆಯುತ್ತದೆ, ಕಚ್ಚಲು ಬೇರು ಒಗ್ಗದೆ ಹಸಿದು ಸಾಯುತ್ತದೆ. ಪಕ್ಕದ ಯಾದಗಿರಿಯ ತುಂಬ ಹತ್ತಿ ಹೊಲಗಳಿರುವಾಗ ನೀವು ಉದಾಹರಣೆಗೆ ಕೀನ್ಯಾದವರೆಗೆ ಹೋಗಿದ್ದೀರಿ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತೀರಲ್ಲ, ಆಗ ಆ ಕಸ ಕಂಡರೆ ಕೀಳಬೇಡಿ. ಸುತ್ತಲಿನ ಮಣ್ಣು ಸಮೇತ ಅಗೆದು, ಬಕೆಟ್ ನೀರಿನಲ್ಲಿ ನಿಧಾನವಾಗಿ ತೊಳೆಯಿರಿ. ಎರಡು ಬೇರು ಕೂಡುವ ಗಂಟು ಹೇಗಿದೆ, ಕಾಯಿ ಒಡೆದರೆ ಬೀಜ ಬೆರಳಿಗೆ ಹೇಗೆ ಮೆತ್ತಿಕೊಳ್ಳುತ್ತದೆ, ಬರೆದುಕೊಳ್ಳಿ. ಅವ್ವ ಆ ಗಿಡವನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದನ್ನೂ ಕೇಳಿ. ಐದು ಪುಟಗಳಲ್ಲಿ ಎಲ್ಲೂ ಅದು ಸಿಗಲಿಲ್ಲ. ಹೊಸ ಪ್ರತಿ ಸಂಕ್ರಾಂತಿಯ ಮೇಲೆ ಕಳಿಸಿದರೂ ಸಾಕು, ಎರಡು ಪುಟ ಮೀರದಿರಲಿ.

ಇಂತಿ,
ಸಂಪಾದಕ