ಮೊಣಕಾಲು ನೋವಿನವರ ಮೂತ್ರದ ರಿಪೋರ್ಟ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 47 ವರ್ಷ. ದಾವಣಗೆರೆ ಕಡೆಯ ಊರೊಂದರಲ್ಲಿ ದಿನಸಿ ಅಂಗಡಿ. ಬೆಳಗ್ಗೆಯಿಂದ ರಾತ್ರಿವರೆಗೂ ಗಲ್ಲಾಪೆಟ್ಟಿಗೆ ಮುಂದೆಯೇ ಕೂರುತ್ತಾರೆ. ಹೆಂಡತಿಯ ಬಲವಂತಕ್ಕೆ ನನ್ನ ಬಳಿ ಸಲಹೆಗೆ ಬಂದಿದ್ದರು. "ಮೇಡಂ, ತೂಕ ಇಳಿಸಿ ಅಂತ ಮಾತ್ರ ಹೇಳ್ಬೇಡಿ. ಕೇಳಿ ಕೇಳಿ ಸಾಕಾಗಿದೆ" ಎಂದರು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ನೆಂಟರು ಆಡಿಕೊಳ್ಳುತ್ತಾರಂತೆ. ಎರಡು ವರ್ಷದಿಂದ ಯಾವ ಸಮಾರಂಭಕ್ಕೂ ಹೋಗಿಲ್ಲ.

ನಾನು ತೂಕದ ಮಾತು ಎತ್ತಲಿಲ್ಲ. ರಿಪೋರ್ಟ್ ಬಿಡಿಸಿದೆ. ಬಿಪಿ 146/92. ಸಕ್ಕರೆ ಅಂಚಿನಲ್ಲಿ. ಸೊಂಟದ ಸುತ್ತಳತೆ 106 ಸೆಂ.ಮೀ. ನಮ್ಮ ಗಂಡಸರಿಗೆ 90 ದಾಟಿದರೇ ಎಚ್ಚರ ಬೇಕು. ಅಲ್ಬುಮಿನ್ ಅಂದರೆ ರಕ್ತದಲ್ಲಿರಬೇಕಾದ ಪ್ರೋಟೀನ್, ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕುವ ಕಸ. ಮೂತ್ರದಲ್ಲಿ ಇವೆರಡರ ಅನುಪಾತ 30ರೊಳಗಿರಬೇಕು, 72 ಇತ್ತು.

"ರಕ್ತದಲ್ಲಿ ಕ್ರಿಯಾಟಿನಿನ್ ನಾರ್ಮಲ್ ಅಲ್ವಾ? ಕಿಡ್ನಿಗೇನೂ ಆಗಿಲ್ಲ ಬಿಡಿ" ಎಂದರು ಅವರು.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕ್ರಿಯಾಟಿನಿನ್ ಏರುವುದು ತಡವಾಗಿ. ಎಷ್ಟೋ ಜನರಲ್ಲಿ ಅಲ್ಬುಮಿನ್ ಅದಕ್ಕಿಂತ ಮೊದಲೇ ಸೋರಲು ಶುರುವಾಗಿರುತ್ತದೆ.

ಅವರಿಗೆ ಹೀಗೆ ಹೇಳಿದೆ. ಹೊಟ್ಟೆಯೊಳಗಿನ ಕೊಬ್ಬು ನಿಮ್ಮ ಗೋಡೌನಿನ ಮೂಟೆಯ ಹಾಗೆ ಸುಮ್ನೆ ಕೂತಿರುವುದಿಲ್ಲ. ಅದರ ಕೋಶಗಳು ಅಳತೆ ಮೀರಿ ಉಬ್ಬಿದಾಗ ಕೆಲವು ಸಾಯುತ್ತವೆ. ಸೋಂಕಿನ ವಿರುದ್ಧ ಹೋರಾಡಬೇಕಾದ ರಕ್ಷಕ ಕಣಗಳು ಅಲ್ಲಿ ಬಂದು ಮುತ್ತಿಕೊಳ್ಳುತ್ತವೆ. ಗಾಯವಿಲ್ಲ, ಜ್ವರವಿಲ್ಲ, ಆದರೂ ಉರಿಯೂತ. ಬೂದಿ ಮುಚ್ಚಿದ ಕೆಂಡ. ಅಲ್ಲಿಂದ ಟಿಎನ್‌ಎಫ್-ಆಲ್ಫಾ, ಐಎಲ್-6ನಂಥ, ಉರಿಯೂತ ಹಬ್ಬಿಸುವ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ರಕ್ತನಾಳದ ಒಳಪದರ ಹಾಳಾಗುತ್ತದೆ. ಹೃದಯದ ನಾಳದಲ್ಲಿ ಕೊಲೆಸ್ಟ್ರಾಲ್ ಕೂರಲು ಜಾಗ ಸಿಗುತ್ತದೆ. ಕಿಡ್ನಿಯ ಜರಡಿಗಳೂ ಸಣ್ಣ ರಕ್ತನಾಳಗಳ ಉಂಡೆಗಳೇ. ಬಿಪಿ ಒಂದು ಕಡೆ, ಮಿತಿಮೀರಿ ಸೋಸುವ ಕೆಲಸ ಇನ್ನೊಂದು ಕಡೆ. ಅವೂ ಸೋರತೊಡಗುತ್ತವೆ. ಅಮೆರಿಕದ ಹೃದಯ ಸಂಘ 2023ರಲ್ಲಿ ಹೃದಯ, ಕಿಡ್ನಿ, ಬೊಜ್ಜು, ಸಕ್ಕರೆಯ ತೊಂದರೆಗಳನ್ನು ಸೇರಿಸಿ ಒಂದೇ ಹೆಸರಿಟ್ಟಿದ್ದು ಇದಕ್ಕೇ.

ಅವರು ಮಾತಾಡಲಿಲ್ಲ. ಹೆಂಡತಿ ಬ್ಯಾಗಿನಿಂದ ಒಂದು ಮಾತ್ರೆ ಶೀಟು ತೆಗೆದಿಟ್ಟರು. "ಮೊಣಕಾಲು ನೋವಿಗೆ ದಿನಾ ಎರಡು ನುಂಗ್ತಾರೆ ಮೇಡಂ. ಒಂದು ವರ್ಷ ಆಯ್ತು." ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡೈಕ್ಲೋಫೆನಾಕ್! ಬಿಪಿ ಏರಿಸುವ, ಕಿಡ್ನಿಗೆ ಹೋಗುವ ರಕ್ತ ತಗ್ಗಿಸುವ ಮಾತ್ರೆ ಅದು. ಅವತ್ತಿನ ಮೊದಲ ಸಲಹೆ ಇಲ್ಲಿಂದಲೇ: ಅದನ್ನು ನಿಲ್ಲಿಸಿ, ಇವತ್ತೇ ವೈದ್ಯರಿಗೆ ಆ ಶೀಟು ತೋರಿಸಿ. ನೋವಿಗೆ ಏನು ತಗೊಳ್ಳಬೇಕೆಂದು ಅವರೇ ಹೇಳಲಿ.

ಉಳಿದದ್ದನ್ನು ಮೂವರೂ ಕೂತು ಗೊತ್ತುಮಾಡಿದೆವು. ಸಂಜೆಯ ಮಂಡಕ್ಕಿ-ಮಿರ್ಚಿ ವಾರಕ್ಕೊಮ್ಮೆ. ಉಪ್ಪಿನಕಾಯಿ, ಹಪ್ಪಳ ಸೇರಿ ದಿನದ ಉಪ್ಪು ಒಂದು ಟೀ ಚಮಚದೊಳಗೆ. ಊಟವಾದ ಮೇಲೆ ಹತ್ತು ನಿಮಿಷ ಅಂಗಡಿ ಬೀದಿಯಲ್ಲೇ ನಡಿಗೆ. 92 ಕೆಜಿಯಲ್ಲಿ ಐದಾರು ಕೆಜಿ ಇಳಿದರೂ ಉರಿಯೂತ ತಗ್ಗುತ್ತದೆ, ತೆಳ್ಳಗಾಗಲೇಬೇಕೆಂದಿಲ್ಲ ಎಂದೆ. ಅವರ ಮುಖ ಆಗ ಸ್ವಲ್ಪ ಸಡಿಲವಾಯಿತು. ನೆಂಟರ ಮಾತಿಗೆ "ಡಾಕ್ಟರ್ ಹತ್ರ ತೋರಿಸ್ತಿದ್ದೀನಿ" ಅಂತಷ್ಟೇ ಹೇಳಿ ಮಾತು ಮುಗಿಸಿ ಎಂದೂ ಸೇರಿಸಿದೆ. ವೈದ್ಯರು ಬಿಪಿ ಜೊತೆಗೆ ಕಿಡ್ನಿಯನ್ನೂ ಕಾಯುವ ಮಾತ್ರೆ ಶುರುಮಾಡಿದರು.

ಮೂರು ತಿಂಗಳ ನಂತರ ಬಂದರು. ಸೊಂಟ 101. ಮೂತ್ರದ ಅಲ್ಬುಮಿನ್ ಅನುಪಾತ 44. ಇನ್ನೂ ಜಾಸ್ತಿಯೇ, ಚಿಕಿತ್ಸೆ ಮುಂದುವರಿಯಬೇಕು. ಟೇಪು ಮಡಚುವಾಗ ಅವರು, "ಮೇಡಂ, ಇವಳದ್ದೂ ಒಂದ್ಸಲ ನೋಡಿ" ಎಂದರು. ಹೆಂಡತಿ ನಾಚಿಕೊಂಡೇ ನಿಂತರು. 93 ಇತ್ತು. ಹೆಂಗಸರಿಗೆ 80ರೊಳಗಿರಬೇಕು. ಅವರ ಬಿಪಿಯನ್ನು ಇದುವರೆಗೆ ಯಾರೂ ನೋಡಿರಲೇ ಇಲ್ಲ. ಅವತ್ತೇ ರಕ್ತ, ಮೂತ್ರದ ಪರೀಕ್ಷೆಗೆ ಬರೆಸಿಕೊಟ್ಟೆ.